ಒಂದು ಜೋಳದ ಕಾಳಿನಷ್ಟು

ನಮ್ಮ ಶಾಲೆಯ ಹತ್ತನೇ ತರಗತಿಯ ಗೋಡೆಗೆ ತೂಗುಹಾಕಿರುವ ಆವರ್ತಕ ಕೋಷ್ಟಕ ಹಳೆಯದು, ಅಂಚು ಹರಿದದ್ದು. ಬಲತುದಿಯಿಂದ ಎರಡನೆಯ ಸಾಲು ಹದಿನೇಳನೇ ಗುಂಪು. ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್, ಅಸ್ಟಟೈನ್ ಒಂದರ ಕೆಳಗೊಂದು ನಿಂತಿವೆ. ಇವುಗಳಿಗೆ ಹ್ಯಾಲೊಜನ್ ಎಂದು ಹೆಸರು, ಗ್ರೀಕ್ ಮೂಲದಲ್ಲಿ ಅದಕ್ಕೆ ‘ಉಪ್ಪು ಹುಟ್ಟಿಸುವುದು’ ಎಂದರ್ಥ. ಮಕ್ಕಳಿಗೆ ನಾನು ಹೇಳುವುದು ಇಷ್ಟು: ಈ ಮನೆತನದ ಪ್ರತಿಯೊಂದು ಪರಮಾಣುವಿನ ಹೊರಕವಚದಲ್ಲಿ ಏಳು ಎಲೆಕ್ಟ್ರಾನ್‌ಗಳಿವೆ, ಎಂಟಾದರೆ ಅದು ಶಾಂತ. ಆ ಒಂದಕ್ಕಾಗಿ ಯಾರ ಮೈಮೇಲಾದರೂ ಬೀಳುತ್ತದೆ. ಸಿಕ್ಕಿತೋ, ಎಷ್ಟು ಸಾಧು ಆಗುತ್ತದೆಂದರೆ ನಾವು ಅದನ್ನು ಚಿಟಿಕೆಯಲ್ಲಿ ಹಿಡಿದು ಸಾರಿಗೆ ಹಾಕುತ್ತೇವೆ.

ಪಾಠ ಇಲ್ಲಿಗೆ ಮುಗಿದರೆ ಪರೀಕ್ಷೆಗೆ ಸಾಕು. ಆದರೆ ಹುನಗುಂದ, ಇಳಕಲ್ಲ ಸೀಮೆಯಲ್ಲಿ ಹುಟ್ಟಿ ಇದೇ ಸೀಮೆಯಲ್ಲಿ ವಿಜ್ಞಾನ ಕಲಿಸುವವಳಿಗೆ ಈ ಸಾಲು ಬರೀ ಪಾಠವಾಗಿ ಉಳಿಯುವುದಿಲ್ಲ. ಮುಂದಿನ ಬೆಂಚಿನಲ್ಲಿ ಕೂತ ಹುಡುಗಿ ಉತ್ತರ ಹೇಳುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಯಾಕೆ ಎಂದು ನಾನು ಕೇಳುವುದಿಲ್ಲ, ಯಾಕೆಂದು ಗೊತ್ತು.

ಈ ಮನೆತನದಲ್ಲಿ ನನಗೆ ಮೊದಲು ಪರಿಚಯವಾದದ್ದು ಕ್ಲೋರಿನ್, ಅದೂ ವಾಸನೆಯಿಂದ. 1988ರಲ್ಲಿ ಬಿ.ಎಸ್ಸಿ. ಓದಲು ಬಾಗಲಕೋಟೆಗೆ ಹೋದೆ. ಆಗ ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯ ತಾಲ್ಲೂಕು. ನಾವಿದ್ದ ಹಾಸ್ಟೆಲ್ ಹಳೇ ಊರಿನ ಓಣಿಯೊಂದರಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದಮೇಲೆ ಹಳೇ ಊರಿನ ಎಷ್ಟೋ ಓಣಿಗಳು ನೀರಿಗೆ ಹೋದವು, ಜನ ನವನಗರಕ್ಕೆ ಬಂದರು. ಮಳೆಗಾಲದಲ್ಲಿ ನಲ್ಲಿಯ ನೀರು ಬಗ್ಗಡವಾಗಿ ಬರುತ್ತಿತ್ತು. ಆಗ ಟಾಕಿಗೆ ಬ್ಲೀಚಿಂಗ್ ಪೌಡರ್ ಬೀಳುತ್ತಿತ್ತು. ನೀರು ಕುಡಿದರೆ ಮೂಗಿನೊಳಗೆ ಚುರ್ ಎನ್ನುವ ವಾಸನೆ. ಬಚ್ಚಲು ತೊಳೆಯುವ ಆಯಿಯ ನೀಲಿ ಇಳಕಲ್ಲ ಸೀರೆಯ ಅಂಚಿನಲ್ಲಿ ಅಲ್ಲಲ್ಲಿ ಬಿಳಚಿದ ಚುಕ್ಕೆಗಳು. ಕ್ಲೋರಿನ್ ಬಣ್ಣದ ಅಣುವಿನಿಂದಲೂ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ರೋಗಾಣುವಿನ ಮೈಯಿಂದಲೂ ಕಿತ್ತುಕೊಳ್ಳುತ್ತದೆ. ಬಣ್ಣ ಹೋಗುವುದಕ್ಕೂ ಕಾಲರಾ ಹೋಗುವುದಕ್ಕೂ ಕಾರಣ ಒಂದೇ ಎಂದು ಅಲ್ಲಿ ತಿಳಿಯಿತು.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೇನೆ ಗಾಳಿಗೆ ಬಿಟ್ಟದ್ದೂ ಇದೇ ಹಸಿರು ಮಿಶ್ರಿತ ಹಳದಿ ಅನಿಲ. ಕಂದಕದಲ್ಲಿದ್ದವರ ಪುಪ್ಪುಸದೊಳಗೆ ಅದು ಹೋಯಿತು. ಶಾಲೆಯ ಶೌಚಾಲಯ ತೊಳೆಯುವವರಿಗೆ ನಾನು ವರ್ಷಕ್ಕೊಮ್ಮೆಯಾದರೂ ಹೇಳುವ ಮಾತೊಂದಿದೆ. ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಆ್ಯಸಿಡ್ ಸುರಿಯಬೇಡಿ, ಎರಡೂ ಕೂಡಿದರೆ ಆ ಅನಿಲವೇ ಏಳುತ್ತದೆ.

ಅದೇ ಕ್ಲೋರಿನ್ ಕುಡಿಯುವ ನೀರಿನಲ್ಲಿ ಎಷ್ಟಿರಬೇಕು? ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಮಿಲಿಗ್ರಾಂ ಎಂದರೆ ಮಕ್ಕಳ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದಕ್ಕೆ ನಾನು ನಮ್ಮದೇ ತೂಕ ಬಳಸುತ್ತೇನೆ. ಒಂದು ಜೋಳದ ಕಾಳು ಸುಮಾರು 30 ಮಿಲಿಗ್ರಾಂ ತೂಗುತ್ತದೆ, ಒಂದು ಕೊಡ ನೀರು ಸುಮಾರು 15 ಲೀಟರ್. ಹಾಗಾದರೆ ಒಂದು ಕೊಡ ನೀರನ್ನು ಕಾಯಲು ಬೇಕಾದ ಕ್ಲೋರಿನ್ ಒಂದು ಕಾಳಿನ ಹತ್ತನೇ ಒಂದು ಪಾಲು.

ಅಯೋಡಿನ್ ಪಾಠಕ್ಕೆ ಮಕ್ಕಳು ಮನೆಯಿಂದಲೇ ಸಾಮಾನು ತರುತ್ತಾರೆ. ಬುತ್ತಿಯ ರೊಟ್ಟಿಯ ಚೂರಿನ ಮೇಲೆ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಟ್ಟರೆ ಕಂದು ಹನಿ ಕ್ಷಣದಲ್ಲಿ ಕಪ್ಪು ನೀಲಿ ಆಗುತ್ತದೆ. ಜೋಳದ ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಹೋಗಿ ಕೂತಿತು ಎಂದರ್ಥ. “ಟೀಚರ್, ರೊಟ್ಟಿಗೆ ದೃಷ್ಟಿ ಆತ್ರಿ” ಎಂದು ಒಬ್ಬ ಕೂಗಿದರೆ ತರಗತಿಯೆಲ್ಲ ನಗುತ್ತದೆ. ದೊಡ್ಡವರ ದೇಹಕ್ಕೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಒಂದು ಜೋಳದ ಕಾಳಿನ ತೂಕದ ಅಯೋಡಿನ್ ಇನ್ನೂರು ದಿನಕ್ಕೆ ಬಂತು. ಅಷ್ಟೂ ಸಿಗದಿದ್ದರೆ ಗಂಟಲಲ್ಲಿ ಗಳಗಂಡ ಏಳುತ್ತದೆ, ಬಸುರಿಯ ಹೊಟ್ಟೆಯೊಳಗಿನ ಕೂಸಿನ ಬುದ್ಧಿ ಕುಂಠಿತವಾಗುತ್ತದೆ. ಅಯೋಡಿನ್ ಸೇರಿಸದ ಉಪ್ಪನ್ನು ತಿನ್ನಲಿಕ್ಕೆಂದು ಮಾರಬಾರದು ಎಂಬ ನಿಯಮ 2006ರ ಮೇ ತಿಂಗಳಿಂದ ದೇಶದಲ್ಲಿ ಇರುವುದು ಇದಕ್ಕೇ.

ಈ ಮನೆತನದಲ್ಲಿ ಬಲಾಬಲದ ಲೆಕ್ಕವೂ ಇದೆ. ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣಕ್ಕೆ ಕ್ಲೋರಿನ್ ನೀರು ಹಾಕಿದರೆ ತಿಳಿ ದ್ರಾವಣ ಕಿತ್ತಳೆ ಆಗುತ್ತದೆ. ಕ್ಲೋರಿನ್ ಬ್ರೋಮಿನ್ನನ್ನು ಹೊರಗೆ ಹಾಕಿ ತಾನು ಒಳಗೆ ಕೂತಿತು. ಅಯೋಡೈಡಿಗೆ ಹಾಕಿದರೆ ಕಂದು, ಅಲ್ಲಿ ಅಯೋಡಿನ್ ಹೊರಬಿತ್ತು. ತಿರುಗಿ ಅಯೋಡಿನ್ ಹಾಕಿದರೆ ಕ್ಲೋರೈಡ್ ಕದಲುವುದಿಲ್ಲ. ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಎನ್ನುತ್ತಾರೆ. ಸಾಲಿನಲ್ಲಿ ಮೇಲಿದ್ದದ್ದು ಕೆಳಗಿನದನ್ನು ಎಬ್ಬಿಸುತ್ತದೆ. ಎಲ್ಲರಿಗಿಂತ ಮೇಲೆ ಇರುವುದು ಫ್ಲೋರಿನ್.

ಅದನ್ನು ಬಿಡಿಯಾಗಿ ಹಿಡಿಯಲು ಹೋದ ಎಷ್ಟೋ ರಸಾಯನಶಾಸ್ತ್ರಜ್ಞರು ಆರೋಗ್ಯ ಕಳೆದುಕೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. 1886ರಲ್ಲಿ ಪ್ಯಾರಿಸ್‌ನಲ್ಲಿ ಆಂರಿ ಮುಆಸಾನ್ ಕಡೆಗೂ ಅದನ್ನು ಬೇರ್ಪಡಿಸಿದ, 1906ರಲ್ಲಿ ಅವನಿಗೆ ನೊಬೆಲ್ ಬಂತು, ಮರುವರ್ಷವೇ ತೀರಿಕೊಂಡ. ಇಷ್ಟು ಉಗ್ರವಾದದ್ದು ನೆಲದಲ್ಲಿ ಬಿಡಿಯಾಗಿ ಇರಲಾರದು. ಎಂದೋ ತನ್ನ ಎಲೆಕ್ಟ್ರಾನ್ ಪಡೆದು ಫ್ಲೋರೈಡ್ ಆಗಿ ಕಲ್ಲಿನೊಳಗೆ ಮಲಗಿರುತ್ತದೆ. ನಮ್ಮ ಕಾಲ ಕೆಳಗಿನ ಕಲ್ಲಿನಲ್ಲೂ ಮಲಗಿದೆ.

ಬಾದಾಮಿಯ ಕಡೆಯಿಂದ ಇಳಕಲ್ಲಿನ ಕಡೆಗೆ ಬಸ್ಸಿನಲ್ಲಿ ಬಂದವರಿಗೆ ಕಲ್ಲು ಬದಲಾಗುವುದು ಕಾಣುತ್ತದೆ. ಬಾದಾಮಿಯದು ಕೆಂಪು ಮರಳುಗಲ್ಲು. 578ರ ಶಾಸನವಿರುವ ಮೂರನೇ ಗುಹೆಯನ್ನು ಚಾಲುಕ್ಯರು ಕೊರೆದದ್ದು ಅದರಲ್ಲೇ. ಐಹೊಳೆಯದೂ ಮರಳುಗಲ್ಲೇ. ಇಳಕಲ್ಲಿಗೆ ಬಂದರೆ ಗ್ರಾನೈಟು. ಇಲ್ಲಿನ ಗುಲಾಬಿ ಕಲ್ಲು ಪಾಲಿಶ್ ಆಗಿ ಹೊರದೇಶಗಳಿಗೆ ಹೋಗುತ್ತದೆ. ಮರಳುಗಲ್ಲು ಹೆಚ್ಚಿನಂಶ ಸ್ಫಟಿಕದ ಮರಳು, ಅದರಲ್ಲಿ ಫ್ಲೋರೈಡ್ ಕಡಿಮೆ. ಗ್ರಾನೈಟಿನಲ್ಲಿ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿರುತ್ತವೆ, ಅವುಗಳೊಳಗೆ ಫ್ಲೋರೈಡ್ ಇರುತ್ತದೆ. ಇಡೀ ತಾಲ್ಲೂಕಿಗೆ ಒಂದೇ ಗೆರೆ ಎಳೆಯಲು ಬರುವುದಿಲ್ಲ. ಒಂದೇ ಊರಿನ ಎರಡು ಬೋರುಗಳ ನೀರು ಬೇರೆ ಬೇರೆ ಇರಬಹುದು. ನೀರು ಎಷ್ಟು ಆಳದಲ್ಲಿ, ಎಷ್ಟು ಕಾಲ ಆ ಕಲ್ಲಿಗೆ ತಾಗಿ ಕೂತಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಮೆದು ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಹೀಗಾಗಿ “ಈ ಬೋರಿನ ನೀರಾಗ ಬ್ಯಾಳಿ ಚಲೋ ಬೇಯತಾವ” ಎಂದು ಹೆಂಗಸರು ಮೆಚ್ಚಿ ತರುವ ನೀರೇ ಕೆಲವೊಮ್ಮೆ ಹೆಚ್ಚು ಫ್ಲೋರೈಡಿನ ನೀರಾಗಿರುತ್ತದೆ. ನಾಲಿಗೆಗೆ ಗೊತ್ತಾಗುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ.

ನಾನು ಹುಟ್ಟಿದ್ದು 1971ರಲ್ಲಿ, ಇಳಕಲ್ಲಿಗೆ ಹತ್ತಿರದ ಒಂದು ಊರಿನಲ್ಲಿ. ಊರಿಗೆಲ್ಲ ಒಂದು ಮೆಟ್ಟಿಲ ಬಾವಿ. ಅದರೊಳಗೆ ಇಳಿದು ಕೊಡ ಮುಳುಗಿಸಬೇಕು. ಮಳೆಯ ನೀರೇ ಅಲ್ಲಿ ಬಂದು ನಿಲ್ಲುತ್ತಿತ್ತು. ಅವ್ವನ ಎಡಗಾಲ ಹರಡಿನ ಮೇಲೆ ಒಂದು ಕಲೆ ಇತ್ತು. ಅದು ನಾರುಹುಣ್ಣಿನದು. ಆ ಬಾವಿಯ ನೀರಿನ ಜೊತೆ ಹೊಟ್ಟೆಗೆ ಹೋದ ಹುಳು ವರ್ಷದ ಮೇಲೆ ಕಾಲಿನಿಂದ ದಾರದಂತೆ ಹೊರಗೆ ಬಂದಿತ್ತಂತೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆದು ತೆಗೆದರಂತೆ. ನಾರುಹುಣ್ಣು ಕಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1980ರ ಸುಮಾರಿಗೆ ನಮ್ಮೂರಿಗೆ ಬೋರು ಹಾಕಿ ಕೈಪಂಪು ಕೂರಿಸಿದಾಗ ಅವ್ವ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಳು. ಒಡೆಯಲೇಬೇಕಿತ್ತು. ಇಂಥ ಬೋರುಗಳು ಬಂದದ್ದರಿಂದ, ಬಾವಿಯ ನೀರು ಸೋಸಿ ಕುಡಿಯುವುದನ್ನು ಕಲಿತದ್ದರಿಂದ ನಾರುಹುಣ್ಣು ದೇಶದಿಂದಲೇ ಹೋಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು.

ನನ್ನ ತಂಗಿ ಹುಟ್ಟಿದ್ದು 1979ರಲ್ಲಿ. ಅವಳು ಬಾವಿಯ ನೀರು ಕುಡಿದದ್ದು ಹೆಚ್ಚೆಂದರೆ ವರ್ಷ, ಆಮೇಲೆ ಬೋರು. ಹಾಲುಹಲ್ಲು ಬೀಳುವವರೆಗೆ ಏನೂ ಇರಲಿಲ್ಲ. ಹೊಸ ಹಲ್ಲು ಬಂದವು, ಸುಣ್ಣದ ಕಲ್ಲಿನಂತೆ ಹೊಳಪಿಲ್ಲದ ಬಿಳಿ ಪಟ್ಟೆಗಳೊಂದಿಗೆ. ಕೆಲವು ವರ್ಷಕ್ಕೆ ಪಟ್ಟೆ ಹಳದಿ, ಆಮೇಲೆ ಕಂದು. ಒಂದೇ ಅವ್ವ, ಒಂದೇ ಒಲೆ, ಒಂದೇ ಬೇವಿನ ಕಡ್ಡಿ. ನನ್ನ ಹಲ್ಲು ಬೆಳ್ಳಗೆ, ಅವಳದು ಹೀಗೆ. ಬೈಸಿಕೊಂಡದ್ದು ಅವಳೇ.

“ಹಲ್ಲ ತಿಕ್ಕೂದಿಲ್ಲೇನ ನೀ?” ಎಂದು ಅತ್ತಿ ಕೇಳುತ್ತಿದ್ದಳು.

“ತಿಕ್ಕಿ ತಿಕ್ಕಿ ವಸಡಿನಾಗ ರಕ್ತ ಬರಾಕತ್ತೈತಿ, ಇನ್ನೇನ್ ಮಾಡ್ಲಿ?”

ಇದ್ದಿಲು, ಉಪ್ಪು, ಇಟ್ಟಂಗಿ ಪುಡಿ, ಬೂದಿ, ಒಂದನ್ನೂ ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆ ಇಳಕಲ್ಲಿನ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೊ ಇನ್ನೂ ನನ್ನ ಹತ್ತಿರ ಇದೆ. ಫೋಟೊ ಮೂಡಿಸುವುದು ಇದೇ ಮನೆತನದ ಬ್ರೋಮಿನ್. ಸಿಲ್ವರ್ ಬ್ರೋಮೈಡ್‌ನ ಹರಳಿಗೆ ಬೆಳಕು ಬಿದ್ದರೆ ಬೆಳ್ಳಿ ಬೇರೆಯಾಗುತ್ತದೆ, ಬೆಳ್ಳಿ ನಿಂತ ಕಡೆ ಕಪ್ಪಾಗುತ್ತದೆ. ಆ ಫೋಟೊದಲ್ಲಿ ತಂಗಿಯ ತುಟಿ ಬಿಗಿದುಕೊಂಡಿವೆ. ಫ್ಲೋರಿನ್ ಬರೆದದ್ದನ್ನು ಬ್ರೋಮಿನ್‌ಗೆ ತೋರಿಸಬಾರದೆಂದು ಅವಳು ಹದಿನಾರರಲ್ಲೇ ಕಲಿತಿದ್ದಳು.

ನೋಡಲು ಬಂದ ಗಂಡಿನವರಲ್ಲಿ ಒಬ್ಬ ಹಿರಿಯ ಹೆಂಗಸು, “ಹುಡುಗಿ ಲಕ್ಷಣ ಅದಾಳ, ಆದ್ರ ತಂಬಾಕ ತಿಂತಾಳೇನ್ರಿ?” ಎಂದು ಅವಳೆದುರಿಗೇ ಕೇಳಿದರು. ಅಪ್ಪ ತಲೆ ತಗ್ಗಿಸಿದ. ಮೂರು ಮನೆಯವರು ಹಾಗೇ ಹೋದರು. ನಾಲ್ಕನೆಯವನು ಹುನಗುಂದದ ಆಚೆಯ ಊರಿನವನು. ಚಹಾ ಕೊಡುವಾಗ ಇವಳು ಅರೆಗಳಿಗೆ ನಕ್ಕಳು, ಅವನೂ ನಕ್ಕ. ಅವನದೂ ಅದೇ ಹಲ್ಲು. 2000ದಲ್ಲಿ ಮದುವೆ ಆಯಿತು. ನಾನು ಅದಕ್ಕೂ ಮೊದಲೇ ಬಾದಾಮಿ ಸೀಮೆಯ ಮರಳುಗಲ್ಲಿನ ಊರಿಗೆ ಸೊಸೆಯಾಗಿ ಹೋಗಿದ್ದೆ. ಅಲ್ಲಿ ನಮ್ಮ ಓಣಿಯ ಮಕ್ಕಳು ಹಲ್ಲು ಕಿರಿದು ನಗುತ್ತಿದ್ದರು. ಅದು ನನಗೆ ಎಷ್ಟೋ ದಿನ ವಿಚಿತ್ರವಾಗಿ ಕಾಣುತ್ತಿತ್ತು.

ತಂಗಿಯ ಹಲ್ಲಿನಲ್ಲಿ ಆದದ್ದು ಏನು ಎಂದು ಈಗ ತರಗತಿಯಲ್ಲಿ ಹೇಳುತ್ತೇನೆ. ಹಲ್ಲಿನ ಹೊರಪದರ ಎನಾಮಲ್, ಅದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ನ ಹರಳು. ಆ ಹರಳಿನಲ್ಲಿ ಹೈಡ್ರಾಕ್ಸಿಲ್ ಎಂಬ ಅಯಾನಿಗೆ ಒಂದು ಜಾಗವಿದೆ. ಫ್ಲೋರೈಡ್ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು, ಅದನ್ನು ಎಬ್ಬಿಸಿ ಅಲ್ಲಿ ಕೂರಬಲ್ಲದು. ಸ್ವಲ್ಪ ಮಟ್ಟಿಗೆ ಕೂತರೆ ಹರಳು ಗಟ್ಟಿಯಾಗುತ್ತದೆ, ಹುಳುಕು ತಡೆಯುತ್ತದೆ. ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಹಾಕುವುದು ಇದಕ್ಕೇ. ಆದರೆ ಹಲ್ಲು ಇನ್ನೂ ದವಡೆಯೊಳಗೆ ತಯಾರಾಗುತ್ತಿರುವಾಗ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ, ಕುಡಿಯುವ ನೀರಿನಿಂದ ಹೆಚ್ಚು ಫ್ಲೋರೈಡ್ ಮೈಗೆ ಸೇರಿದರೆ ಎನಾಮಲ್ ಕಟ್ಟುವ ಜೀವಕೋಶಗಳ ಕೆಲಸವೇ ಕೆಡುತ್ತದೆ. ಹರಳು ತುಂಬಿಕೊಳ್ಳದೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಬಾಯಿಗೆ ಬಂದಮೇಲೆ ಆ ರಂಧ್ರಗಳು ಬಣ್ಣ ಹೀರಿಕೊಳ್ಳುತ್ತವೆ. ಕಲೆ ಮೇಲೆ ಅಂಟಿದ್ದಲ್ಲ, ಒಳಗಿನದು. ಇಟ್ಟಂಗಿ ಪುಡಿಗೆ ಹೋಗುವಂಥದ್ದಲ್ಲ. ನನ್ನ ಹಲ್ಲು ಉಳಿದದ್ದು, ಬೋರು ಬರುವ ಹೊತ್ತಿಗೆ ನನಗೆ ಎಂಟು ದಾಟಿದ್ದರಿಂದ.

ಎಷ್ಟಿದ್ದರೆ ಹೆಚ್ಚು? ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲವೆಂದರೆ 1.5ರವರೆಗೆ ಎನ್ನುತ್ತದೆ ನಮ್ಮ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಜೋಳದ ಲೆಕ್ಕದಲ್ಲಿ, ಒಂದು ಕೊಡ ನೀರಿನಲ್ಲಿ ಅರ್ಧ ಕಾಳಿನ ತೂಕದಷ್ಟು ಫ್ಲೋರೈಡ್ ಇದ್ದರೆ ಚಿಂತೆ ಇಲ್ಲ, ಒಂದು ಕಾಳಿನಷ್ಟಾದರೆ ಮಿತಿ ದಾಟಿತು. ತಂಗಿ ಬಾಯಿ ಮುಚ್ಚಿಕೊಂಡು ಬದುಕಿದ್ದು ಕೊಡಕ್ಕೆ ಅರ್ಧ ಕಾಳು, ಒಂದು ಕಾಳಿನ ಹೆಚ್ಚಳಕ್ಕೆ. ಇನ್ನೂ ಹೆಚ್ಚಿದ್ದು, ವರ್ಷಾನುಗಟ್ಟಲೆ ಕುಡಿದರೆ ಎಲುಬಿಗೂ ಕೂರುತ್ತದೆ. ಬೆನ್ನು ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ. ಗದ್ದವನ್ನು ಎದೆಗೆ ತಾಗಿಸಲಾಗದ ಮುದುಕರನ್ನು ನೋಡಿ ಊರಲ್ಲಿ ‘ವಾಯು’ ಎನ್ನುತ್ತಾರೆ. ಕೆಲವರಿಗೆ ಅದು ನೀರಿನದೇ ಇರಬಹುದು.

ಅಮೆರಿಕದ ಕೊಲರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿನವರ ಕಂದು ಹಲ್ಲಿನ ಕಾರಣ ಹುಡುಕುತ್ತ ವರ್ಷಗಟ್ಟಲೆ ಕಳೆದ. ಉತ್ತರ ಸಿಕ್ಕಿದ್ದು 1931ರಲ್ಲಿ, ಕುಡಿಯುವ ನೀರಿನ ಫ್ಲೋರೈಡ್ ಎಂದು. ನಮ್ಮ ದೇಶದಲ್ಲಿ 1937ರಲ್ಲೇ ಆಂಧ್ರದ ನೆಲ್ಲೂರು ಸೀಮೆಯಿಂದ ಇದು ವರದಿಯಾಯಿತು. ಅಂದರೆ ತಂಗಿಗೆ ಅತ್ತಿ ಬೈಯುವ ಹೊತ್ತಿಗೆ ಜಗತ್ತಿಗೆ ಕಾರಣ ಗೊತ್ತಾಗಿ ಅರ್ಧ ಶತಮಾನ ಕಳೆದಿತ್ತು. ಗೊತ್ತಿದ್ದದ್ದು ನಮ್ಮ ಕಟ್ಟೆಯವರೆಗೆ ಬಂದಿರಲಿಲ್ಲ.

ಈಗ ಬಂದಿದೆ, ಅರ್ಧಂಬರ್ಧ. ನೀರು ಕುದಿಸಿದರೆ ಹೋಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಕ್ಲೋರಿನ್ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟು ಅದು ಗಟ್ಟಿಯಾಗುತ್ತದೆ. ಅರಿವೆಯಲ್ಲಿ ಸೋಸಿದರೂ ಹೋಗುವುದಿಲ್ಲ. ನಾಗಪುರದ ನೀರಿ ಸಂಸ್ಥೆ ಎಪ್ಪತ್ತರ ದಶಕದಲ್ಲಿ ನಲ್ಗೊಂಡ ವಿಧಾನ ಎಂಬುದನ್ನು ರೂಪಿಸಿತು. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಅಳತೆಯಾಗಿ ಹಾಕಿ ಕಲಕಿದರೆ ಫ್ಲೋರೈಡ್ ಗಸಿಯ ಜೊತೆ ಕೆಳಗೆ ಕೂರುತ್ತದೆ. ಈಗ ಊರೂರಿಗೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ, ಕೆಲಸ ಮಾಡುವಷ್ಟು ದಿನ ಅವು ಒಳ್ಳೆಯವೇ. ಕೆಟ್ಟು ನಿಂತ ದಿನ ಕೈ ಮತ್ತೆ ಬೋರಿಗೇ ಹೋಗುತ್ತದೆ. ನದಿಯ ನೀರು ಕೊಳವೆಯಲ್ಲಿ ಬಂದ ಊರುಗಳಿಗೆ ದೊಡ್ಡ ಭಾರ ಇಳಿದಿದೆ, ಕೃಷ್ಣೆ ಮಲಪ್ರಭೆಯರ ನೀರಿನಲ್ಲಿ ಈ ಕಲ್ಲಿನ ಋಣ ಕಡಿಮೆ. ಮಾಳಿಗೆಯ ಮೇಲೆ ಬೀಳುವ ಮಳೆ ನೀರಿನಲ್ಲಂತೂ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಹಾಲು, ಮೊಸರು, ಎಳ್ಳು, ನುಗ್ಗೆ ಸೊಪ್ಪಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಒಂದಷ್ಟನ್ನು ಹಿಡಿದು ನಿಲ್ಲಿಸುತ್ತದೆ. ನೀರು ಬದಲಾಗದೆ ಅದೊಂದೇ ಸಾಲದು.

ಪ್ರತಿ ವರ್ಷ ದಸರೆ ರಜೆ ಮುಗಿದ ಮೇಲೆ ಮಕ್ಕಳಿಗೆ ಮನೆಮನೆಯ ನೀರು ತರಲು ಹೇಳುತ್ತೇನೆ. ಬಾಟಲಿಗೆ ಚೀಟಿ ಅಂಟಿಸಬೇಕು: ಯಾವ ಬೋರು, ಯಾವ ಓಣಿ, ಘಟಕದ್ದೋ, ಮಳೆಯದ್ದೋ. ಪರೀಕ್ಷೆಯ ಕಿಟ್ಟಿನಲ್ಲಿ ಜಿರ್ಕೋನಿಯಂ ಮತ್ತು ಬಣ್ಣ ಕೂಡಿಸಿದ ಕೆಂಪು ದ್ರಾವಣವಿದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ಬಣ್ಣದ ಕೈಯಿಂದ ಕಿತ್ತುಕೊಳ್ಳುತ್ತದೆ, ಕೆಂಪು ಹೋಗಿ ಹಳದಿಯ ಕಡೆ ತಿರುಗುತ್ತದೆ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ ಕೊಳವೆಗಳಲ್ಲಿ ಮಳೆ ನೀರಿನದು ಕೆಂಪಾಗಿಯೇ ಉಳಿಯುತ್ತದೆ, ಶಾಲೆಯ ಹಿಂದಿನ ಬೋರಿನದು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಆ ಹೊತ್ತಿಗೆ ತರಗತಿ ಸುಮ್ಮನಾಗುತ್ತದೆ. ಅಂಗೈ ಅಡ್ಡ ಹಿಡಿಯುವ ಹುಡುಗಿಯೂ ಬಗ್ಗಿ ನೋಡುತ್ತಾಳೆ.

ಹೋದ ವರ್ಷ ಅವಳ ಅವ್ವ ಬಂದಿದ್ದರು. ಸೊಂಟದ ಮೇಲೆ ಒಂಬತ್ತು ತಿಂಗಳ ಕೂಸು, ಚೀಲದಲ್ಲಿ ಎರಡು ಬಾಟಲಿ.

“ದೊಡ್ಡಾಕಿದು ಆಗಿಹೋತ್ರಿ ಟೀಚರ್. ಈ ಸಣ್ಣದಕ್ಕ ಯಾವ ನೀರು ಕುಡಸ್ಲಿ, ಅದನ್ನಟ ಹೇಳ್ರಿ.”

ಒಂದು ಬಾಟಲಿ ಮನೆಯ ಮುಂದಿನ ಬೋರಿನದು, ಇನ್ನೊಂದು ಊರ ತುದಿಯ ನಲ್ಲಿಯ ನದಿ ನೀರು. ಎರಡಕ್ಕೂ ಹನಿ ಹಾಕಿದೆ. ನಲ್ಲಿಯದು ಕೆಂಪು ಉಳಿಸಿಕೊಂಡಿತು. “ಇದನ್ನ ಕುಡಸ್ರಿ. ಅಡಗಿಗೂ ಇದ್ನ ಹಾಕ್ರಿ. ಅದು ತೊಳಿಯಾಕ, ಬಳಿಯಾಕ ಇರ್ಲಿ” ಎಂದೆ.

“ಎಷ್ಟ ದಿನ್ರಿ?”

“ಎಂಟ್ ವರ್ಷ ಅಂತೂ ಬೇಕಬೇಕು. ಆಮ್ಯಾಲೂ ಇದ್ದರ ಚಲೋ.”

ಊರ ತುದಿಯ ನಲ್ಲಿ ಅವರ ಮನೆಯಿಂದ ಅರ್ಧ ಕಿಲೋಮೀಟರ್. ನೀರು ದಿನ ಬಿಟ್ಟು ದಿನ ಬರುತ್ತದೆ. ಆ ತಾಯಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಎಷ್ಟು ಕೊಡ, ಎಷ್ಟು ಸಾರಿ, ಯಾರು ಹೊರುವವರು ಎಂದು ಇರಬೇಕು. ಹುಡುಗಿ ಹಿಂದಿನಿಂದ, “ನಾ ಹೊರ್ತೀನಿ ಬಿಡಬೇ” ಎಂದಳು. ಮಾತಾಡುವಾಗ ಅವಳ ಎರಡೂ ಕೈ ಕೂಸನ್ನು ಎತ್ತಿಕೊಳ್ಳುವುದರಲ್ಲಿದ್ದವು.